ಕೆನಿಚಿ ಸಾಕೊ: ಜಪಾನಿನ ಮಹಾ ಪಾಯಿಂಟ್ ಗಾರ್ಡ್ ಬೆಂಚಿಗೆ ಬಂದಾಗ ಆದದ್ದೇನು?

ಮಧ್ಯರೇಖೆ

ಜಪಾನ್ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಮಾತು ನೇರ ಅಮೆರಿಕದ ಎನ್‌ಬಿಎ ಲೀಗ್‌ಗೆ ಹೋದ ರುಯಿ ಹಚಿಮುರಾ ಹತ್ತಿರ ಹೋಗಿ ನಿಲ್ಲುತ್ತೆ. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ಅಲ್ಲಿನವರು 'ಮಿಸ್ಟರ್ ಬ್ಯಾಸ್ಕೆಟ್‌ಬಾಲ್' ಅಂತ ಕರೆದದ್ದು ಕೆನಿಚಿ ಸಾಕೊ ಅವರನ್ನ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಹಾಲ್ ಆಫ್ ಫೇಮ್ ಸೇರಿದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ತಂಡದ ದಾಳಿ ನಡೆಸುವ ಆಟಗಾರ. ಅವರ ಬಗ್ಗೆ ಕನ್ನಡದಲ್ಲಿ ಒಂದು ಸರಿಯಾದ ಚರ್ಚೆ ಆಗಲಿ ಅಂತ ಈ ಎಳೆ.

ಮೊದಲು ಮುಖ್ಯ ವಿವರ. 1970ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದರು. ಫುಕುಯಿಯ ಹೊಕುರಿಕು ಹೈಸ್ಕೂಲು, ಆಮೇಲೆ ಚುಓ ವಿಶ್ವವಿದ್ಯಾಲಯ. 1993ರಲ್ಲಿ ಇಸುಜು ಮೋಟಾರ್ಸ್ ತಂಡ ಸೇರಿದರು. ಆ ತಂಡ 2002ರಲ್ಲಿ ಮುಚ್ಚಿತು, ಇವರು ಐಸಿನ್ ಸೀಹಾರ್ಸಸ್‌ಗೆ ಹೋದರು. 2011ರಲ್ಲಿ ನಿವೃತ್ತಿ. 2014ರಿಂದ 2017ರ ತನಕ ಹಿರೋಶಿಮಾ ಡ್ರಾಗನ್‌ಫ್ಲೈಸ್ ಮುಖ್ಯ ಕೋಚ್. ಅದಾದ ಮೇಲೆ ಹೂಲಿಯೊ ಲಾಮಾಸ್ ಕೈಕೆಳಗೆ ಪುರುಷರ ರಾಷ್ಟ್ರೀಯ ತಂಡದ ಸಹಾಯಕ ಕೋಚ್, 2021ರಲ್ಲಿ ಲೆವಾಂಗಾ ಹೊಕ್ಕೈಡೊ ಮುಖ್ಯ ಕೋಚ್.

ಆಟಗಾರನಾಗಿ ಇದ್ದ ಎತ್ತರಕ್ಕೆ ಮುಖ್ಯ ಕೋಚ್ ಆಗಿ ಅವರು ಏರಲಿಲ್ಲ ಅನ್ನೋದು ಸಾಮಾನ್ಯ ಅಭಿಪ್ರಾಯ. ನನ್ನ ಪ್ರಕಾರ ಅದಕ್ಕೆ ಅವರ ಬುದ್ಧಿಯ ಕೊರತೆ ಕಾರಣ ಅಲ್ಲವೇ ಅಲ್ಲ. ಅವರ ಶಕ್ತಿ ಇದ್ದದ್ದು ಅರ್ಧ ಸೆಕೆಂಡಿನಲ್ಲಿ ತಾನೇ ತೀರ್ಮಾನ ತಗೊಳ್ಳೋದರಲ್ಲಿ. ಕೋಚ್ ಆದವನು ಆ ತೀರ್ಮಾನವನ್ನ ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನೆ ನಿಲ್ಲಬೇಕು. ಅದರ ಜೊತೆಗೆ ಅವರು ಕೋಚ್ ಆದ ಆ ಮೂರು ವರ್ಷ ಜಪಾನಿನಲ್ಲಿ ನೆಲವೇ ಕದಲುತ್ತಿತ್ತು. ಈ ಎರಡನ್ನೂ ಬಿಡಿಸಿ ನೋಡೋಣ.

ಪಾಕೆಟ್ ಪಾಸ್

ಒಳ್ಳೆ ಎಳೆ. ಅವರ ಪಿಕ್ ಅಂಡ್ ರೋಲ್‌ನಿಂದಲೇ (ಜೊತೆಗಾರ ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ಲೋದು ಸ್ಕ್ರೀನ್, ಆಮೇಲೆ ಅವನೇ ರಿಂಗ್ ಕಡೆ ತಿರುಗಿ ಓಡೋದು ರೋಲ್) ಶುರು ಮಾಡೋಣ, ಯಾಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತೆ.

ಎತ್ತರ 179 ಸೆಂ.ಮೀ. ಆ ಎತ್ತರದವನಿಗೆ ರಿಂಗ್ ತನಕ ಹೋಗಿ ಮುಗಿಸೋದು ಅಂತರರಾಷ್ಟ್ರೀಯ ಪಂದ್ಯದಲ್ಲಿ ಕಷ್ಟ. ಹಾಗಾಗಿ ಇಡೀ ಆಟ ನಿಂತಿದ್ದದ್ದು ಸ್ಕ್ರೀನ್ ದಾಟಿದ ಮೇಲೆ ಸಿಗುವ ಆ ಚಿಕ್ಕ ಜಾಗದ ಮೇಲೆ, ಅಂದರೆ ಫ್ರೀ ಥ್ರೋ ಗೆರೆಯ ಎರಡು ತುದಿಗಳ ಆಸುಪಾಸು. ಈ ಕೆಲಸ ನಡೆಯೋ ಕ್ರಮ ಹೀಗೆ. ಸ್ಕ್ರೀನರ್ ಬರುವ ಮುಂಚೆ ಡ್ರಿಬಲ್ ನಿಧಾನ ಮಾಡಿ ಎದುರಾಳಿಯ ಕಾಲು ನಿಲ್ಲಿಸಬೇಕು. ಒಂದು ಹೆಜ್ಜೆ ಸ್ಕ್ರೀನಿನ ಉಲ್ಟಾ ದಿಕ್ಕಿಗೆ ಇಡಬೇಕು, ಅವನ ಭಾರ ಆ ಕಡೆ ವಾಲಬೇಕು. ಆಮೇಲೆ ತನ್ನ ಭುಜ ಸ್ಕ್ರೀನರ್‌ನ ಸೊಂಟಕ್ಕೆ ಉಜ್ಜಿಕೊಂಡು ಹೊರಡಬೇಕು. ನಡುವೆ ಒಬ್ಬ ನುಸುಳುವಷ್ಟು ಸಂದು ಬಿಟ್ಟರೆ ಸ್ಕ್ರೀನ್ ಹಾಕಿದ್ದೇ ವ್ಯರ್ಥ. ದಾಟಿದ ಮೇಲೆ ಒಂದು, ಹೆಚ್ಚೆಂದರೆ ಎರಡು ಡ್ರಿಬಲ್. ಕಣ್ಣು ತನ್ನ ಡಿಫೆಂಡರ್ ಮೇಲಲ್ಲ, ಸ್ಕ್ರೀನರ್‌ನ ಡಿಫೆಂಡರ್‌ನ ಪಾದದ ಮೇಲೆ.

ಆ ಪಾದ ಹಿಂದಕ್ಕೆ ಸರಿದರೆ ಅಲ್ಲೇ ನಿಂತು ಶಾಟ್. ಮುಂದಕ್ಕೆ ಬಂದರೆ ಅವನ ಕಾಲ ಪಕ್ಕದಿಂದ ಬೌನ್ಸ್ ಪಾಸ್, ರೋಲ್ ಮಾಡುವವನ ಕೈಗೆ. ಮೂಲೆಯ ಡಿಫೆಂಡರ್ ಒಳಗೆ ಬಂದು ರೋಲ್ ತಡೆದರೆ ಮೂಲೆಗೆ ಉದ್ದದ ಪಾಸ್. ಮೂರು ಆಯ್ಕೆ, ಸಿಗುವ ಸಮಯ ಒಂದು ಸೆಕೆಂಡಿಗೂ ಕಡಿಮೆ.

ಸಾಕೊ ಮಾಡ್ತಿದ್ದ ವಿಶೇಷ ಏನೆಂದರೆ ನಿಧಾನ. ವೇಗದಲ್ಲಿ ಯಾರನ್ನೂ ಮೀರಿಸ್ತಿರಲಿಲ್ಲ. ಸ್ಕ್ರೀನ್ ದಾಟಿ ತನ್ನ ಡಿಫೆಂಡರನ್ನ ಬೆನ್ನ ಹಿಂದೆ ಇಟ್ಟುಕೊಂಡು, ಮುಂದಿನ ದೊಡ್ಡವನು ಮೊದಲು ಅಲುಗಾಡುವ ತನಕ ಕಾಯೋದು. ಕಾಯುವ ಆ ಧೈರ್ಯವನ್ನ ಹಲಗೆ ಮೇಲೆ ಬರೆದು ಕಲಿಸೋದು ಹೇಗೆ? ನನಗೆ ಇಡೀ ಪ್ರಶ್ನೆ ಇರೋದೇ ಅಲ್ಲಿ.

ಸ್ಕೋರ್ ಟೇಬಲ್

ಇದಕ್ಕೆ ನಿಯಮದ ಕಡೆಯಿಂದ ಒಂದು ಮಾತು ಸೇರಿಸಲೇಬೇಕು. ಸಾಕೊ ಕಲಿತ ಆಟ ಬೇರೆ, ಕಲಿಸಬೇಕಾಗಿ ಬಂದ ಆಟ ಬೇರೆ.

ಅವರು ಇಸುಜು ಸೇರಿದಾಗ ಫಿಬಾ ಪಂದ್ಯ 20 ನಿಮಿಷದ ಎರಡು ಅರ್ಧ, ಶಾಟ್ ಕ್ಲಾಕ್ (ಒಂದು ದಾಳಿಗೆ ಸಿಗುವ ಸಮಯ) 30 ಸೆಕೆಂಡು, ಅರ್ಧ ಅಂಕಣ ದಾಟಲು 10 ಸೆಕೆಂಡು. 2000ದಲ್ಲಿ ಅದು 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡು, 8 ಸೆಕೆಂಡು ಆಯಿತು. ಅವರ ಆಟದ ಬಹುಪಾಲು ವರ್ಷ ಮೂರು ಅಂಕದ ಗೆರೆ 6.25 ಮೀಟರ್‌ನಲ್ಲಿತ್ತು. 2010ರಲ್ಲಿ ಅದು 6.75 ಮೀಟರ್‌ಗೆ ಹೋಯಿತು, ಬುಡ ಅಗಲವಾಗಿದ್ದ ಪೇಂಟ್ (ರಿಂಗ್ ಮುಂದಿನ ಬಣ್ಣದ ಜಾಗ) ಆಯತವಾಯಿತು, ರಿಂಗ್ ಕೆಳಗೆ 1.25 ಮೀಟರ್‌ನ ನೋ ಚಾರ್ಜ್ ಅರ್ಧವೃತ್ತ (ಅದರೊಳಗೆ ನಿಂತ ಡಿಫೆಂಡರ್‌ಗೆ ಗುದ್ದಿದರೆ ದಾಳಿ ಮಾಡುವವನಿಗೆ ಚಾರ್ಜ್ ಫೌಲ್ ಇಲ್ಲ) ಬಂತು. 2014ರಲ್ಲಿ, ಅವರು ಹಿರೋಶಿಮಾ ಕೋಚ್ ಆದ ಅದೇ ವರ್ಷ, ಆಫೆನ್ಸಿವ್ ರೀಬೌಂಡ್ (ತಪ್ಪಿದ ತಮ್ಮದೇ ಶಾಟ್‌ನ ಚೆಂಡು ಮತ್ತೆ ತಮಗೇ) ಸಿಕ್ಕರೆ ಗಡಿಯಾರ 24ರ ಬದಲು 14ಕ್ಕೆ ಬರುವ ನಿಯಮ ಸೇರಿತು.

ಇದರ ಪರಿಣಾಮ ಸಣ್ಣದಲ್ಲ. ಗೆರೆ ಹಿಂದೆ ಹೋದಾಗ ಮೂಲೆಯಲ್ಲಿ ನಿಂತವನನ್ನ ಬಿಟ್ಟು ಒಳಗೆ ಬರುವ ಡಿಫೆಂಡರ್ ವಾಪಸ್ ಓಡಬೇಕಾದ ದೂರ ಹೆಚ್ಚಾಯಿತು. ಆಗ ಪಿಕ್ ಅಂಡ್ ರೋಲ್‌ನ ಮೊದಲ ಫಲ ಮಿಡ್ ರೇಂಜ್ ಶಾಟ್ (ಮೂರು ಅಂಕದ ಗೆರೆಯ ಒಳಗಿನ, ಎರಡು ಅಂಕದ ದೂರದ ಶಾಟ್) ಆಗಿ ಉಳಿಯಲ್ಲ, ಮೂಲೆಯ ಮೂರು ಅಂಕ ಆಗುತ್ತೆ. ಲೆಕ್ಕ ಹಾಕಿ ನೋಡಿ. ಮಿಡ್ ರೇಂಜ್‌ನಲ್ಲಿ ನೂರಕ್ಕೆ 45 ಹಾಕಿದರೆ ಒಂದು ಶಾಟ್‌ಗೆ 0.90 ಅಂಕ. ಮೂರು ಅಂಕದ ಗೆರೆಯಿಂದ ನೂರಕ್ಕೆ 35 ಹಾಕಿದರೆ 1.05. ಮಿಡ್ ರೇಂಜ್ ಇದಕ್ಕೆ ಸಮ ಆಗಬೇಕಾದರೆ ನೂರಕ್ಕೆ 52ರ ಮೇಲೆ ಹೋಗಬೇಕು. ಸಾಕೊ ಅಂಥವರು ಅದನ್ನ ಮಾಡಬಹುದು. ತಂಡದ ಮೂರನೇ ಗಾರ್ಡ್ ಕೈಲಿ ಆಗಲ್ಲ. ಕೋಚ್ ಯೋಜನೆ ಮಾಡಬೇಕಾದ್ದು ಆ ಮೂರನೇ ಗಾರ್ಡ್‌ಗೆ.

ಮಂಡ್ಯ ಬ್ಯಾಂಕ್‌ಶಾಟ್

ಸರ್, ಒಂದು ಸಂದೇಹ. ಇಸುಜು, ಐಸಿನ್, ಟೊಯೋಟಾ ಅಂತ ಎಲ್ಲ ಕಂಪನಿ ಹೆಸರೇ ಬರುತ್ತೆ. ನಮ್ಮಲ್ಲಿ ರೈಲ್ವೇಸ್, ಬ್ಯಾಂಕ್ ತಂಡಗಳಿದ್ದ ಹಾಗೇನಾ? ಹಾಗಿದ್ದರೆ ಅವರನ್ನ ವೃತ್ತಿಪರ ಆಟಗಾರ ಅಂತ ಹೇಗೆ ಕರೆಯೋದು?

ಒಸಾಕಾ ಕನ್ನಡಿಗ

ಹೌದು, ಬಹಳ ಹತ್ತಿರದ ಸಂಗತಿ. ಕಂಪನಿ ತಂಡದಲ್ಲಿ ಆಟಗಾರ ಕಂಪನಿಯ ನೌಕರ. ಆಟ ನಿಂತ ಮೇಲೂ ಕೆಲಸ ಇರುತ್ತೆ. ಅದರ ಒಳಗೇ ನಿಧಾನವಾಗಿ ವೃತ್ತಿಪರ ಒಪ್ಪಂದದ ಆಟಗಾರರು ಬಂದರು. ಭದ್ರತೆ ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು. ಕಂಪನಿಯ ವ್ಯವಹಾರ ಕೆಟ್ಟರೆ ತಂಡ ಒಂದೇ ಪತ್ರಿಕಾ ಹೇಳಿಕೆಯಲ್ಲಿ ಮುಗಿದು ಹೋಗುತ್ತೆ. ಇಸುಜು ಹಲವು ಪ್ರಶಸ್ತಿ ಗೆದ್ದ ತಂಡ, ಮೊತೊತಾಕಾ ಕೊಹಾಮಾ ಅಂಥ ಕೋಚ್ ಕಟ್ಟಿದ್ದು, ಆದರೂ 2002ರಲ್ಲಿ ಮುಚ್ಚಿತು.

ಕೊಹಾಮಾ ಅವರೇ ರಾಷ್ಟ್ರೀಯ ತಂಡವನ್ನೂ ನಡೆಸಿದರು. 1997ರ ಏಷ್ಯನ್ ಚಾಂಪಿಯನ್‌ಶಿಪ್ ರಿಯಾದ್‌ನಲ್ಲಿ ನಡೆಯಿತು. ಜಪಾನ್ ಎರಡನೇ ಸ್ಥಾನ ಪಡೆದು 1998ರ ಅಥೆನ್ಸ್ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಯಿತು. 1967ರ ನಂತರ ಅದೇ ಮೊದಲು, ಅಂದರೆ 31 ವರ್ಷದ ಮೇಲೆ. 16 ತಂಡದಲ್ಲಿ 14ನೇ ಸ್ಥಾನ. ಆ ತಂಡದ ಚುಕ್ಕಾಣಿ ಸಾಕೊ ಕೈಲಿತ್ತು, ಶೂಟರ್ ತಕೆಹಿಕೊ ಒರಿಮೊ. ಈ ಒರಿಮೊ ಹೆಸರು ನೆನಪಿಡಿ, ಮುಂದೆ ಬರುತ್ತೆ.

ಲೀಗ್ ಕಥೆ ಚುಟುಕಾಗಿ: 2005ರಲ್ಲಿ ಕಂಪನಿ ವ್ಯವಸ್ಥೆಯಿಂದ ಬೇರೆಯಾಗಿ ಬಿಜೆ ಲೀಗ್ ಶುರುವಾಯಿತು, ಊರಿನ ಹೆಸರಿನ ವೃತ್ತಿಪರ ಕ್ಲಬ್‌ಗಳದ್ದು. ಇತ್ತ ಕಂಪನಿ ತಂಡಗಳ ಜೆಬಿಎಲ್, 2013ರಿಂದ ಎನ್‌ಬಿಎಲ್. ಒಂದೇ ದೇಶದಲ್ಲಿ ಎರಡು ಮೇಲ್ಮಟ್ಟದ ಲೀಗ್. ಫಿಬಾ ಎಷ್ಟೋ ಸಲ ಎಚ್ಚರಿಸಿ, ಕೊನೆಗೆ 2014ರ ನವೆಂಬರ್‌ನಲ್ಲಿ ಜಪಾನ್ ಸಂಸ್ಥೆಯನ್ನೇ ಅಮಾನತು ಮಾಡಿತು. ಫುಟ್‌ಬಾಲಿನ ಜೆ ಲೀಗ್ ಕಟ್ಟಿದ ಸಬುರೊ ಕವಾಬುಚಿ ಅವರನ್ನ ಕರೆತಂದು ಕಾರ್ಯಪಡೆ ಮಾಡಿದರು. 2015ರ ಆಗಸ್ಟ್‌ನಲ್ಲಿ ಅಮಾನತು ತೆರವಾಯಿತು. 2016ರ ಸೆಪ್ಟೆಂಬರ್ 22ಕ್ಕೆ ಯೊಯೊಗಿ ಕ್ರೀಡಾಂಗಣದಲ್ಲಿ ಎಲ್‌ಇಡಿ ಅಂಕಣದ ಮೇಲೆ ಅಲ್ವಾರ್ಕ್ ಟೋಕಿಯೊ ಮತ್ತು ರ್‍ಯೂಕ್ಯು ಗೋಲ್ಡನ್ ಕಿಂಗ್ಸ್ ಆಡಿ ಬಿ ಲೀಗ್ ಶುರುವಾಯಿತು.

ಈಗ ಸಾಕೊ ಹಿರೋಶಿಮಾದಲ್ಲಿ ಇದ್ದ ವರ್ಷಗಳನ್ನ ಇದರ ಪಕ್ಕ ಇಟ್ಟು ನೋಡಿ. ಮೊದಲ ಸೀಸನ್ನಿನ ನಡುವೆ ದೇಶದ ಸಂಸ್ಥೆ ಅಮಾನತು. ಎರಡನೇ ಸೀಸನ್ನಿಗೆ ಯಾರು ಯಾವ ವಿಭಾಗ ಅನ್ನೋ ವಿಂಗಡಣೆ. ಮೂರನೆಯದ್ದಕ್ಕೆ ಹೊಸ ಲೀಗ್, ಅದರಲ್ಲಿ ಹಿರೋಶಿಮಾ ಬಿ2ನಲ್ಲಿ, ಅಂದರೆ ಬಿ1ರ ಕೆಳಗಿನ ಎರಡನೇ ದರ್ಜೆಯಲ್ಲಿ.

ಮಧ್ಯರೇಖೆ

ಧನ್ಯವಾದ. ಹಿರೋಶಿಮಾ ಮೊದಲ ಸೀಸನ್ ಬಗ್ಗೆ ಇನ್ನಷ್ಟು ಹೇಳ್ತೀನಿ, ಯಾಕೆಂದರೆ ಅಲ್ಲಿ ಸಾಕೊ ಮಾಡಿದ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಹೊಸ ಕ್ಲಬ್. ಹಿಂದೆ ದೊಡ್ಡ ಕಾರ್ಖಾನೆ ಇಲ್ಲ. ಆದರೂ 2015ರ ಜನವರಿಯಲ್ಲಿ ಅಖಿಲ ಜಪಾನ್ ಚಾಂಪಿಯನ್‌ಶಿಪ್ ಫೈನಲ್‌ಗೆ ಹೋದರು. ಅಲ್ಲಿ ಹಿಟಾಚಿ ಸನ್‌ರಾಕರ್ಸ್ ಗೆದ್ದಿತು. ಹಿಟಾಚಿಯಲ್ಲಿ ಜೋಜಿ ತಕೆಉಚಿ, ಹಿರೋಶಿಮಾದಲ್ಲಿ ಅವರ ಅವಳಿ ಸಹೋದರ ಕೋಸುಕೆ ತಕೆಉಚಿ.

ಕೋಸುಕೆ ಯಾಕೆ ಅಷ್ಟು ಮುಖ್ಯ ಅಂದರೆ ಆಗಿನ ಎನ್‌ಬಿಎಲ್‌ನ ವಿದೇಶಿ ಆಟಗಾರರ ನಿಯಮ. ಒಂದು ಮತ್ತು ಮೂರನೇ ಕ್ವಾರ್ಟರ್‌ನಲ್ಲಿ ಅಂಕಣದ ಮೇಲೆ ಒಬ್ಬ ವಿದೇಶಿ, ಎರಡು ಮತ್ತು ನಾಲ್ಕರಲ್ಲಿ ಇಬ್ಬರು. ಒಬ್ಬನೇ ಇರುವ 20 ನಿಮಿಷ ಎರಡನೇ ಎತ್ತರದ ಜಾಗಕ್ಕೆ ಜಪಾನಿ ಆಟಗಾರ ಬೇಕು. ಎರಡು ಮೀಟರ್ ದಾಟಿದ, ಓಡಬಲ್ಲ ಜಪಾನಿ ಆಟಗಾರರು ಬೆರಳೆಣಿಕೆ. ಕೋಸುಕೆ ಇರುವ ತಂಡಕ್ಕೆ ಆ 20 ನಿಮಿಷ ಲಾಭ.

ಕೋಚ್‌ಗೆ ಇದರ ಅರ್ಥ ಎರಡು ತಂಡ ತಯಾರು ಮಾಡೋದು. ಸ್ಕ್ರೀನ್ ಹಾಕುವವನು ಕ್ವಾರ್ಟರ್‌ಗೊಮ್ಮೆ ಬದಲಾಗುತ್ತಾನೆ. ಅವನು ನಿಲ್ಲುವ ಕೋನ, ರೋಲ್ ಮಾಡುವ ವೇಗ ಎಲ್ಲ ಬದಲಾಗುತ್ತೆ. ಗಾರ್ಡ್ ಎರಡೂ ಬಗೆಗೆ ಹೊಂದಿಕೊಳ್ಳಬೇಕು. ಕೆಟ್ಟು ಹೋಗುವ ಜಾಗವೂ ಗೊತ್ತಿರೋದೇ: ಮೂರನೇ ಕ್ವಾರ್ಟರ್ ಮೊದಲ ಮೂರು ನಿಮಿಷದಲ್ಲಿ ಆ ಒಬ್ಬ ವಿದೇಶಿಗೆ ಎರಡು ಫೌಲ್ ಬಿದ್ದರೆ ಅವನನ್ನ ಕೂರಿಸಬೇಕಾ, ನಾಲ್ಕನೇ ಕ್ವಾರ್ಟರ್‌ಗೆ ಉಳಿಸಬೇಕಾ ಅನ್ನೋ ತೀರ್ಮಾನ. ಐದನೇ ಫೌಲ್‌ಗೆ ಹೊರಗೆ.

2016ರಲ್ಲಿ ಹಿರೋಶಿಮಾ ಬಿ2ಗೆ ಹೋಯಿತು. ಕೋಸುಕೆ ಲಿಂಕ್ ತೊಚಿಗಿ ಬ್ರೆಕ್ಸ್‌ಗೆ ಹೋದರು, ಅದೇ ಸೀಸನ್ ತೊಚಿಗಿ ಬಿ ಲೀಗ್‌ನ ಮೊದಲ ಚಾಂಪಿಯನ್. ಹಿರೋಶಿಮಾ 2017ರ ಮೇ ತಿಂಗಳಲ್ಲಿ ಒಂದೇ ಪಂದ್ಯದ ಬಡ್ತಿ ನಿರ್ಣಯಕ್ಕೆ ಬಂದು ಯೊಕೊಹಾಮಾ ಬಿ ಕೋರ್ಸೇರ್ಸ್ ಎದುರು ಸೋತಿತು. ಸಾಕೊ ಹೊರಟರು. ಒಂದು ಪಂದ್ಯ ಈ ಕಡೆ ಬಿದ್ದಿದ್ದರೆ ಇವತ್ತು ನಾವು ಬೇರೆ ಮಾತು ಆಡ್ತಿದ್ವಿ.

ಪಾಕೆಟ್ ಪಾಸ್

ಇಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ಒಂದು ಪಂದ್ಯ ಅನ್ನೋದು ನಿಜ, ಆದರೆ ಬಿ2ನಲ್ಲಿ ಇಡೀ ಸೀಸನ್ ಮುಗಿಸಿ ನೇರ ಬಡ್ತಿ ಪಡೆಯದೆ ಆ ಒಂದು ಪಂದ್ಯದ ಬಾಗಿಲಿಗೆ ಬಂದು ನಿಂತದ್ದೂ ಲೆಕ್ಕಕ್ಕೆ ಬರಬೇಕು. ಲೆವಾಂಗಾದಲ್ಲೂ ತಂಡ ಪಟ್ಟಿಯ ಕೆಳಭಾಗದಲ್ಲೇ ಉಳಿಯಿತು. ಆಗ ಅದರ ಅಧ್ಯಕ್ಷ ಯಾರು ಅಂತ ಗೊತ್ತಲ್ಲ, ಮೇಲೆ ಹೇಳಿದ ಅದೇ ಒರಿಮೊ. 2011ರಿಂದ ಅಧ್ಯಕ್ಷರೂ ಆಟಗಾರರೂ ಆಗಿದ್ದು, ದೇಶದ ಲೀಗ್‌ನಲ್ಲಿ 10,000 ಅಂಕ ದಾಟಿದ ಮೊದಲ ಜಪಾನಿ ಆಟಗಾರ, 2020ರಲ್ಲಿ 49ನೇ ವಯಸ್ಸಿಗೆ ಆಟ ಬಿಟ್ಟವರು. ಅಷ್ಟು ಹಳೆಯ ನಂಬಿಕೆಯ ಜೊತೆಗಾರ ಮೇಲಿದ್ದೂ ಫಲಿತಾಂಶ ಬರಲಿಲ್ಲ ಅಂದರೆ ಕಾರಣ ಅಂಕಣದ ಮೇಲೇ ಹುಡುಕಬೇಕು.

ಸ್ಕೋರ್ ಟೇಬಲ್

ಅಂಕಣದ ಮೇಲೆ ಅನ್ನೋದಕ್ಕಿಂತ ಅಂಕಣದ ಪಕ್ಕ ಅನ್ನಿ. ಪಾಯಿಂಟ್ ಗಾರ್ಡ್ ಆಗಿದ್ದವರು ಕೋಚ್ ಆದಾಗ ಮೊದಲು ಎಡವೋದು ಟೈಮ್‌ಔಟ್‌ನಲ್ಲಿ.

ಫಿಬಾ ನಿಯಮದಲ್ಲಿ ಮೊದಲ ಅರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು, ಓವರ್‌ಟೈಮ್‌ಗೆ ಒಂದು. ನಾಲ್ಕನೇ ಕ್ವಾರ್ಟರ್‌ನ ಕೊನೇ ಎರಡು ನಿಮಿಷದಲ್ಲಿ ಹೆಚ್ಚೆಂದರೆ ಎರಡು. ಉಳಿದದ್ದು ಮುಂದಕ್ಕೆ ಹೋಗಲ್ಲ. ಎನ್‌ಬಿಎ ಥರ ಆಟಗಾರ ಅಂಕಣದಿಂದ ಕೇಳೋ ಹಾಗಿಲ್ಲ. ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಟೇಬಲ್‌ಗೆ ಕೇಳಬೇಕು. ಕೇಳಿದ ತಕ್ಷಣ ಸಿಗೋದೂ ಇಲ್ಲ. ಚೆಂಡು ಡೆಡ್ ಆಗಿ ಗಡಿಯಾರ ನಿಂತಿರಬೇಕು, ಇಲ್ಲವೇ ಎದುರಾಳಿ ಬುಟ್ಟಿ ಹಾಕಿರಬೇಕು. ಅಂದರೆ ನಿಮ್ಮ ಗಾರ್ಡ್ ಟ್ರ್ಯಾಪ್‌ನಲ್ಲಿ (ಇಬ್ಬರು ಡಿಫೆಂಡರ್ ನಡುವೆ) ಸಿಕ್ಕಿಕೊಂಡಾಗ ಬೆಂಚಿನಿಂದ ನೀವು ಏನೂ ಮಾಡಲಾಗಲ್ಲ.

ಆಟಗಾರನಾಗಿ ಸಾಕೊ ಎದುರಾಳಿಯ 8-0 ಓಟವನ್ನ ಒಂದು ನಿಧಾನದ ದಾಳಿಯಿಂದ ತಾವೇ ನಿಲ್ಲಿಸಬಲ್ಲವರಾಗಿದ್ದರು. ಕೋಚ್ 5-0 ಆದಾಗಲೇ ಟೇಬಲ್ ಹತ್ತಿರ ಹೋಗಿರಬೇಕು. 'ನಮ್ಮವರು ಸರಿ ಮಾಡ್ಕೋತಾರೆ' ಅಂತ ಕಾದರೆ ಮುಂದಿನ ಎರಡು ದಾಳಿಯಲ್ಲಿ ಅದು 10-0 ಆಗಿರುತ್ತೆ. ಮಾಜಿ ಪಾಯಿಂಟ್ ಗಾರ್ಡ್‌ಗಳಲ್ಲಿ ಈ ಕಾಯುವ ಗುಣ ಜಾಸ್ತಿ.

ಇನ್ನೊಂದು, ಟೈಮ್‌ಔಟ್ ಒಂದು ನಿಮಿಷ. ಆಟಗಾರರು ಬಂದು ಕೂತು ನೀರು ಕುಡಿಯೋ ಹೊತ್ತಿಗೆ 15 ಸೆಕೆಂಡು ಹೋಗಿರುತ್ತೆ. ಹಾರ್ನ್ ಮುಂಚೆಯೇ ಏಳಬೇಕು. ಮಾತಿಗೆ ಉಳಿಯೋದು 30 ಸೆಕೆಂಡು. ಒಂದು ಡಿಫೆನ್ಸ್ ಬದಲಾವಣೆ, ಒಂದು ಆಟ, ಮುಗಿಯಿತು. ಆಟವನ್ನ ಐದು ಪದರದಲ್ಲಿ ನೋಡಬಲ್ಲವನಿಗೆ ನಾಲ್ಕು ಪದರ ನುಂಗಿಕೊಂಡು ಒಂದನ್ನೇ ಹೇಳೋದು ಬಹಳ ಕಷ್ಟ.

ಒಸಾಕಾ ಕನ್ನಡಿಗ

ಬಿ ಲೀಗ್‌ನ ವಾರಾಂತ್ಯದ ಪದ್ಧತಿಯನ್ನೂ ಸೇರಿಸಿ. ಬಿ1ನಲ್ಲಿ 60 ಪಂದ್ಯ. ಬಹುಪಾಲು ಶನಿವಾರ, ಭಾನುವಾರ ಅದೇ ಎದುರಾಳಿ, ಅದೇ ಅಂಕಣ. ಒಳ್ಳೆ ಕೋಚ್ ಯಾರು ಅನ್ನೋದು ಭಾನುವಾರ ತಿಳಿಯುತ್ತೆ.

ಶನಿವಾರ ರಾತ್ರಿ ನಡೆಯಬೇಕಾದ ಕೆಲಸ: ಪಂದ್ಯದ ವಿಡಿಯೊವನ್ನ ದಾಳಿ, ರಕ್ಷಣೆ, ಟ್ರಾನ್ಸಿಷನ್ (ಒಂದರಿಂದ ಇನ್ನೊಂದಕ್ಕೆ ಬದಲಾಗುವ ಓಟ) ಅಂತ ಮೂರು ಭಾಗ ಮಾಡಿ ಸಹಾಯಕರು ಹಂಚಿಕೊಳ್ಳಬೇಕು. ಎದುರಾಳಿ ನಮ್ಮ ಪಿಕ್ ಅಂಡ್ ರೋಲ್ ಅನ್ನ ಹೇಗೆ ತಡೆದರು ಅನ್ನೋದನ್ನ ಎಣಿಸಬೇಕು: ಡ್ರಾಪ್ (ದೊಡ್ಡವನು ಹಿಂದೆ ಸರಿಯೋದು) ಎಷ್ಟು, ಸ್ವಿಚ್ (ಡಿಫೆಂಡರ್‌ಗಳು ಅದಲುಬದಲಾಗೋದು) ಎಷ್ಟು, ಹೆಡ್ಜ್ (ದೊಡ್ಡವನು ಮುಂದೆ ಬಂದು ಗಾರ್ಡ್‌ನ ತಡೆಯೋದು) ಎಷ್ಟು, ಪ್ರತಿಯೊಂದರಲ್ಲಿ ನಮಗೆ ಬಂದ ಅಂಕ ಎಷ್ಟು. ಬೆಳಿಗ್ಗೆ ಆಟಗಾರರಿಗೆ ತೋರಿಸೋದು ಹತ್ತು ನಿಮಿಷದ ಒಳಗೆ. ಬದಲಾವಣೆ ಎರಡು, ಹೆಚ್ಚೆಂದರೆ ಮೂರು. ಐದು ಬದಲಾಯಿಸಿದ ತಂಡ ಭಾನುವಾರ ಮೊದಲ ಕ್ವಾರ್ಟರ್‌ನಲ್ಲಿ ಯೋಚನೆ ಮಾಡ್ತಾ ನಿಂತಿರುತ್ತೆ, ಎದುರಾಳಿ ಓಡ್ತಿರುತ್ತಾರೆ.

ಇದಕ್ಕೆ ಸಿಬ್ಬಂದಿ ಬೇಕು. ಹಣ ಇಲ್ಲದ ಕ್ಲಬ್‌ನಲ್ಲಿ ವಿಡಿಯೊ ಕತ್ತರಿಸೋದು, ಎದುರಾಳಿಯ ಅಧ್ಯಯನ, ಆಟಗಾರರ ವೈಯಕ್ತಿಕ ಅಭ್ಯಾಸ ಎಲ್ಲ ಒಂದಿಬ್ಬರ ಮೇಲೆ ಬೀಳುತ್ತೆ. ಕೋಚ್‌ನ ಗೆಲುವು ಸೋಲನ್ನ ಅಳೆಯುವಾಗ ನಾವು ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಎಡಗೈ ಲೇಅಪ್

ಹೋಲಿಕೆಗೆ ರ್‍ಯೂಜೊ ಅಂಜಾಯ್ ಅವರನ್ನ ತರದೆ ಈ ಚರ್ಚೆ ಪೂರ್ತಿ ಆಗಲ್ಲ.

1980ರಲ್ಲಿ ಫುಕುಶಿಮಾದಲ್ಲಿ ಹುಟ್ಟಿದವರು. ಇವರೂ ಗಾರ್ಡ್, ಆದರೆ ತಾರೆ ಅಲ್ಲ, ತೊಚಿಗಿ ಬ್ರೆಕ್ಸ್‌ನ ದುಡಿಯುವ ಆಟಗಾರ. 2010ರಲ್ಲಿ ಥಾಮಸ್ ವೈಸ್‌ಮನ್ ಕೋಚಿಂಗ್‌ನಲ್ಲಿ ತೊಚಿಗಿ ಜೆಬಿಎಲ್ ಗೆದ್ದಾಗ ತಂಡದಲ್ಲಿದ್ದರು. 2013ರಲ್ಲಿ ಆಟ ಬಿಟ್ಟು ಅದೇ ಕ್ಲಬ್‌ನಲ್ಲಿ ಸಹಾಯಕ ಕೋಚ್. 2017ರಲ್ಲಿ ಅದೇ ವೈಸ್‌ಮನ್ ಜೊತೆ ಬೆಂಚಿನಲ್ಲಿ ಕೂತು ಮತ್ತೊಂದು ಪ್ರಶಸ್ತಿ. ಅದೇ ವರ್ಷ ನವೆಂಬರ್‌ನಲ್ಲಿ, ಹೊಸ ಕೋಚ್ ಕೆಂಜಿ ಹಸೆಗಾವಾ ಆರೋಗ್ಯದ ಕಾರಣಕ್ಕೆ ಹೊರಟಾಗ, ತಂಡ ಸೋಲುತ್ತಿದ್ದ ಹೊತ್ತಿನಲ್ಲಿ ಮುಖ್ಯ ಕೋಚ್ ಆದರು. ತಂಡವನ್ನ ಕೆಳಗಿನಿಂದ ಎತ್ತಿ ಚಾಂಪಿಯನ್‌ಶಿಪ್ ಹಂತಕ್ಕೆ ತಂದರು.

2021-22ರಲ್ಲಿ ಉತ್ಸುನೊಮಿಯಾ ಬ್ರೆಕ್ಸ್ (ತೊಚಿಗಿಯ ಹೊಸ ಹೆಸರು) ವೈಲ್ಡ್ ಕಾರ್ಡ್ ಆಗಿ (ವಿಭಾಗದ ನೇರ ಸ್ಥಾನ ಸಿಗದೆ, ಉಳಿದ ಸ್ಥಾನದಲ್ಲಿ) ಪ್ಲೇಆಫ್‌ಗೆ ಬಂದು ಚಿಬಾ, ಕವಾಸಾಕಿ, ರ್‍ಯೂಕ್ಯು ಮೂರನ್ನೂ 2-0, 2-0, 2-0 ಅಂತ ಮುಗಿಸಿತು. ಆಮೇಲೆ ಅವರು ಬಿ2ನ ಕೊಶಿಗಾಯಾ ಆಲ್ಫಾಸ್‌ಗೆ ಹೋದರು. ಅದು ಅವರು ಹಿಂದೆ ಆಡಿದ್ದ ಒಟ್ಸುಕಾ ತಂಡದ ಮುಂದುವರಿಕೆ. 2023-24ರಲ್ಲಿ ಬಿ1ಗೆ ಬಡ್ತಿ.

ವ್ಯತ್ಯಾಸ ಎಲ್ಲಿದೆ? ಅಂಜಾಯ್ ನಾಲ್ಕು ವರ್ಷ ಒಂದೇ ಕ್ಲಬ್‌ನ ಸಹಾಯಕ. ಯಾವ ಆಟಗಾರ ಯಾವಾಗ ದಣಿಯುತ್ತಾನೆ, ಯಾರಿಗೆ ಗದರಿದರೆ ಕೆಲಸ ಆಗುತ್ತೆ, ಯಾರಿಗೆ ಆಗಲ್ಲ, ಎಲ್ಲ ಗೊತ್ತು. ಅವರ ತಂಡಗಳ ಗುರುತು ರಕ್ಷಣೆ ಮತ್ತು ರೀಬೌಂಡ್. ಇವೆರಡೂ ಪ್ರತಿಭೆಗಿಂತ ಅಭ್ಯಾಸದ ಮೇಲೆ ನಿಲ್ಲೋವು: ಶಾಟ್ ಹಾರಿದ ಕ್ಷಣ ಎದುರಾಳಿಗೆ ಬೆನ್ನು ಕೊಟ್ಟು ತಡೆಯೋದು, ಲೂಸ್ ಬಾಲ್‌ಗೆ ನೆಲಕ್ಕೆ ಬೀಳೋದು. ಸೋಮವಾರದಿಂದ ಶುಕ್ರವಾರದ ತನಕ ದಿನಾ ಮಾಡಿಸಿದರೆ ಶನಿವಾರ ಬರುತ್ತೆ. ಪಿಕ್ ಅಂಡ್ ರೋಲ್‌ನಲ್ಲಿ 'ಕಾಯಿರಿ' ಅಂತ ಹೇಳಿಕೊಟ್ಟದ್ದು ಬಾರದೇ ಇರಬಹುದು.

ಮಧ್ಯರೇಖೆ

ಈ ಕೊನೇ ಎರಡು ಸಾಲು ಇಡೀ ಚರ್ಚೆಯಲ್ಲೇ ತೂಕದ ಮಾತು. ಒಪ್ಪಿದೆ. ಆದರೂ ಒಂದು ಮಾತು: ಸಾಕೊ ಸಹಾಯಕ ಕೋಚ್ ಆಗಿದ್ದ ಅವಧಿಯನ್ನ ನೋಡಿ.

2019ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಜಪಾನ್ ಮೊದಲ ನಾಲ್ಕು ಪಂದ್ಯವನ್ನೂ ಸೋತಿತ್ತು. 2018ರ ಜೂನ್ 29ಕ್ಕೆ ಚಿಬಾದಲ್ಲಿ ಆಸ್ಟ್ರೇಲಿಯಾವನ್ನ 79-78ಕ್ಕೆ ಸೋಲಿಸಿತು. ಅಲ್ಲಿಂದ ಸಾಲಾಗಿ ಎಂಟು ಗೆಲುವು, 2019ರ ಫೆಬ್ರವರಿಯಲ್ಲಿ ದೋಹಾದಲ್ಲಿ ಕತಾರ್ ಎದುರು ಗೆದ್ದು ಅರ್ಹತೆ. ನಿಕ್ ಫಜೆಕಾಸ್ ಜಪಾನ್ ಪೌರತ್ವ ಪಡೆದು ಬಂದದ್ದು, ಹಚಿಮುರಾ ಬಂದದ್ದು ದೊಡ್ಡ ಕಾರಣ, ನಿಜ. ಮುಖ್ಯ ಕೋಚ್ ಲಾಮಾಸ್ ಅರ್ಜೆಂಟೀನಾದವರು. ಜಪಾನಿ ಆಟಗಾರರ ಅಳತೆ ಬಲ್ಲ, ಅವರ ಗೌರವ ಗಳಿಸಿದ ಒಬ್ಬರು ಪಕ್ಕದಲ್ಲಿ ಇರಲೇಬೇಕಿತ್ತು. ವಿಶ್ವಕಪ್‌ನಲ್ಲಿ ಐದಕ್ಕೆ ಐದೂ ಸೋಲು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರಕ್ಕೆ ಮೂರೂ ಸೋಲು. ಆದರೂ ಆ ಎಂಟು ಗೆಲುವಿಲ್ಲದೆ 2023ರಲ್ಲಿ ಫಿನ್ಲೆಂಡ್ ಮೇಲೆ ಬಂದ 98-88 ಗೆಲುವಿಗೆ ದಾರಿ ಇರಲಿಲ್ಲ.

ಮುಖ್ಯ ಕೋಚ್ ಕುರ್ಚಿಗಿಂತ ಈ ಜಾಗ ಅವರ ಜ್ಞಾನಕ್ಕೆ ಹೆಚ್ಚು ಹೊಂದುತ್ತಿತ್ತು ಅಂತ ನನ್ನ ನಂಬಿಕೆ.

ಕಂಠೀರವ ಗ್ಯಾಲರಿ

ಮಹಿಳೆಯರ ಕಡೆಯಿಂದ ಮಿಕಿಕೊ ಹಗಿವಾರಾ ಅವರ ಹೆಸರು ಬರಲೇಬೇಕು. ಅವರೂ 1970ರಲ್ಲಿ ಹುಟ್ಟಿದವರೇ, ಫುಕುಶಿಮಾ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಆಡಿ, 1997ರಲ್ಲಿ ಡಬ್ಲ್ಯುಎನ್‌ಬಿಎ (ಅಮೆರಿಕದ ಮಹಿಳಾ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರ್ತಿಯರನ್ನ ಸರದಿಯಲ್ಲಿ ಆರಿಸುವಾಗ, 14ನೆಯವರಾಗಿ ಸ್ಯಾಕ್ರಮೆಂಟೊ ಮೊನಾರ್ಕ್ಸ್‌ಗೆ, ಮರುವರ್ಷ ಫೀನಿಕ್ಸ್‌ಗೆ. ಆ ಲೀಗ್‌ನಲ್ಲಿ ಆಡಿದ ಮೊದಲ ಜಪಾನಿ. ಆಟ ಮುಗಿದ ಮೇಲೆ ವಸೆದಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಮಹಿಳಾ ತಂಡದ ಕೋಚ್. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಸಹಾಯಕ ಕೋಚ್. ಆಮೇಲೆ ಟೋಕಿಯೊ ಹನೇದಾ ವಿಕೀಸ್ ಮುಖ್ಯ ಕೋಚ್. ತಾರೆಯಾಗಿದ್ದವರು ಕಾಲೇಜು ಮಟ್ಟಕ್ಕೆ ಇಳಿದು ಕಲಿಸುವುದನ್ನು ಕಲಿತ ದಾರಿ ಇದು.

ನಮ್ಮ ಬೆಂಗಳೂರಿಗೂ ಈ ಕಥೆ ತಾಗುತ್ತೆ. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಫೈನಲ್ ಕಂಠೀರವ ಒಳಾಂಗಣದಲ್ಲಿ ನಡೆದಾಗ ಜಪಾನ್ ಆಸ್ಟ್ರೇಲಿಯಾವನ್ನ 74-73ಕ್ಕೆ ಸೋಲಿಸಿತು. 2019ರಲ್ಲಿ ಮತ್ತೆ ಬೆಂಗಳೂರಿನಲ್ಲೇ ಚೀನಾ ಮೇಲೆ 71-68. ಎರಡು ಸಲವೂ ಕೋಚ್ ಟಾಮ್ ಹೋವಾಸ್. ಅಮೆರಿಕದವರು, ಆದರೆ ಆಡಿದ್ದು ಜಪಾನಿನ ಟೊಯೋಟಾ ಮುಂತಾದ ಕಂಪನಿ ತಂಡಗಳಲ್ಲಿ. 2010ರಲ್ಲಿ ಮಹಿಳಾ ಕ್ಲಬ್ ಒಂದರ ಸಹಾಯಕ ಕೋಚ್ ಆಗಿ ಶುರು ಮಾಡಿ ಏಳು ವರ್ಷದ ಮೇಲೆ ರಾಷ್ಟ್ರೀಯ ತಂಡದ ಮುಖ್ಯ ಕೋಚ್. ಟೈಮ್‌ಔಟ್‌ನಲ್ಲಿ ಜಪಾನಿ ಭಾಷೆಯಲ್ಲೇ ಮಾತು, ಅನುವಾದಕ ಇಲ್ಲ. ಮೇಲೆ ಹೇಳಿದ 30 ಸೆಕೆಂಡು ಲೆಕ್ಕದಲ್ಲಿ ಅದು ಎಷ್ಟು ದೊಡ್ಡ ಲಾಭ ಅಂತ ಯೋಚಿಸಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ.

ಮಂಡ್ಯ ಬ್ಯಾಂಕ್‌ಶಾಟ್

ಇಷ್ಟೆಲ್ಲ ಓದಿದ ಮೇಲೆ ನೇರ ಪ್ರಶ್ನೆ. ಆಟ ಬಿಡುತ್ತಿರುವ ಒಳ್ಳೆ ಪಾಯಿಂಟ್ ಗಾರ್ಡ್‌ನ ಕೋಚ್ ಮಾಡಬೇಕು ಅಂದರೆ ಮೊದಲ ವರ್ಷ ಯಾವ ಕೆಲಸ ಕೊಡಬೇಕು? ಜಪಾನಿನಲ್ಲಿ ಪರವಾನಗಿ ಕಡ್ಡಾಯ ಅಂತ ಕೇಳಿದ್ದೀನಿ.

ಎಡಗೈ ಲೇಅಪ್

ಪರವಾನಗಿ ಇ, ಡಿ, ಸಿ, ಬಿ, ಎ, ಎಸ್ ಅಂತ ಮೆಟ್ಟಿಲು. ಎಷ್ಟು ದೊಡ್ಡ ಆಟಗಾರ ಆಗಿದ್ದರೂ ಮೇಲಿನ ಲೀಗ್‌ನ ಬೆಂಚಿಗೆ ಮೇಲಿನ ದರ್ಜೆ ಬೇಕು. ಅದು ಕಾಗದದ ಮಾತಾಯಿತು, ಕೆಲಸದ ಮಾತು ಹೀಗೆ.

ಮೊದಲ ವರ್ಷ ದಾಳಿಯ ಜವಾಬ್ದಾರಿ ಕೊಡಲೇಬೇಡಿ. ಅದು ಅವರಿಗೆ ಈಗಾಗಲೇ ಬರುತ್ತೆ, ಮತ್ತು ಪ್ರತಿ ಆಟವನ್ನ ತಾವೇ ಆಡಬೇಕಾದದ್ದು ಅಂತ ನೋಡ್ತಾರೆ. ರಕ್ಷಣೆ ಕೊಡಿ, ಅದರಲ್ಲೂ ದೊಡ್ಡ ಆಟಗಾರರ ರಕ್ಷಣೆ. ಪಿಕ್ ಅಂಡ್ ರೋಲ್‌ನಲ್ಲಿ ಇಷ್ಟು ವರ್ಷ ಯಾರ ಪಾದ ನೋಡಿ ಆಡಿದರೋ ಅದೇ ಪಾದವನ್ನ ಈಗ ಸರಿಯಾದ ಜಾಗದಲ್ಲಿ ನಿಲ್ಲಿಸೋ ಕೆಲಸ. ಗಾರ್ಡ್ ಏನು ಹುಡುಕ್ತಾನೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಎರಡನೆಯದು, ಅಭ್ಯಾಸದಲ್ಲಿ ಮಾಡಿ ತೋರಿಸೋದನ್ನ ನಿಲ್ಲಿಸಿ. ಮಾಡಿ ತೋರಿಸಿದರೆ ಹುಡುಗರು ಮೆಚ್ಚಿ ನೋಡ್ತಾರೆ, ಕಲಿಯಲ್ಲ. ಬದಲಿಗೆ ಮೂರಕ್ಕೆ ಮೂರು ಆಡಿಸಿ, ಸ್ಕ್ರೀನರ್‌ನ ಡಿಫೆಂಡರ್‌ಗೆ ಮಾತ್ರ ಕಿವಿಯಲ್ಲಿ ಹೇಳಿ: ಈ ಸಲ ಹಿಂದೆ ಸರಿ, ಮುಂದಿನ ಸಲ ಮೇಲೆ ಬಾ. ಗಾರ್ಡ್‌ಗೆ ಏನೂ ಹೇಳಬೇಡಿ. ಹತ್ತು ಸಲ ಆಡಿಸಿ, ಸರಿಯಾದ ಆಯ್ಕೆ ಎಷ್ಟು ಸಲ ಬಂತು ಅಂತ ಬರೀರಿ. ಬುಟ್ಟಿ ಬಿತ್ತಾ ಇಲ್ಲವಾ ಅದು ಬೇಡ. ಹತ್ತಕ್ಕೆ ಏಳು ಬಂದ ಮೇಲೆ ಮೂಲೆಗೆ ಒಬ್ಬ ಡಿಫೆಂಡರ್ ಸೇರಿಸಿ ನಾಲ್ಕಕ್ಕೆ ನಾಲ್ಕು ಮಾಡಿ. ಆಯ್ಕೆ ಮತ್ತೆ ಹತ್ತಕ್ಕೆ ನಾಲ್ಕಕ್ಕೆ ಇಳಿಯುತ್ತೆ, ಗಾಬರಿ ಬೇಡ.

ಸ್ಕೋರ್ ಟೇಬಲ್

ಪಂದ್ಯದ ದಿನ ಅವರ ಕೈಗೆ ಒಂದು ಹಾಳೆ ಕೊಡಿ, ನಾಲ್ಕು ಕಾಲಂ: ಎರಡೂ ತಂಡದ ಟೀಮ್ ಫೌಲ್, ಉಳಿದ ಟೈಮ್‌ಔಟ್, ಪೊಸೆಷನ್ ಬಾಣದ (ಎರಡೂ ತಂಡದವರು ಒಟ್ಟಿಗೆ ಚೆಂಡು ಹಿಡಿದಾಗ ಅದು ಯಾರಿಗೆ ಅಂತ ತೋರಿಸುವ ಗುರುತು) ದಿಕ್ಕು, ನಮ್ಮ ಟೈಮ್‌ಔಟ್ ಆದ ಮೇಲಿನ ಮೊದಲ ದಾಳಿಯ ಫಲ. ನಾಲ್ಕು ಟೀಮ್ ಫೌಲ್ ಆದ ಮೇಲೆ ಪ್ರತಿ ಡಿಫೆನ್ಸ್ ಫೌಲ್‌ಗೂ ಎರಡು ಫ್ರೀ ಥ್ರೋ, ಹಾಗಾಗಿ ಮೊದಲ ಕಾಲಂ ಮೂರಕ್ಕೆ ಬಂದ ತಕ್ಷಣ ಮುಖ್ಯ ಕೋಚ್‌ಗೆ ಹೇಳಬೇಕು, ನಾಲ್ಕಾದ ಮೇಲೆ ಅಲ್ಲ. ಕೊನೇ ಕಾಲಂ ತಿಂಗಳ ಕೊನೆಗೆ ಒಟ್ಟು ಮಾಡಿ. ಟೈಮ್‌ಔಟ್‌ನಲ್ಲಿ ಬರೆದುಕೊಟ್ಟ ಆಟಗಳಲ್ಲಿ ಯಾವುದು ಒಳ್ಳೆ ಶಾಟ್ ತನಕ ಹೋಯಿತು, ಯಾವುದು ಎರಡನೇ ಪಾಸ್‌ಗೇ ಮುರಿಯಿತು ಅಂತ ಅಲ್ಲಿ ಇರುತ್ತೆ. ಎರಡನೇ ಪಾಸ್‌ಗೆ ಮುರಿಯೋದು ಸಾಮಾನ್ಯವಾಗಿ ಮೂಲೆಯವನು ಒಂದು ಹೆಜ್ಜೆ ಒಳಗೆ ನಿಂತಿದ್ದರಿಂದ. ವಿಡಿಯೊದಲ್ಲಿ ಚೆಂಡು ಬಿಟ್ಟು ಅವನ ಪಾದ 6.75ರ ಗೆರೆಯ ಯಾವ ಕಡೆ ಇತ್ತು ಅಂತ ನೋಡೋಕೆ ಹೇಳಿ.